ಪಶುವೈದ್ಯ ನೋಂದಣಿಯ ನವೀಕರಣ ಮತ್ತು ನಿರಂತರ ಶಿಕ್ಷಣ: ಐದು ವರ್ಷದ ಕಡತವನ್ನು ಮೊದಲ ದಿನದಿಂದಲೇ ಕಟ್ಟುವ ಬಗೆ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯ ಹಿಂದೆ, ಸತ್ತ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವಿನ ಮರಣೋತ್ತರ ಪರೀಕ್ಷೆ ಮುಗಿಸಿ, ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟುಕೊಂಡು ವರದಿ ಬರೆಯುತ್ತಿದ್ದೆ. ಕಿವಿಯೋಲೆಯ ಸಂಖ್ಯೆ, ಸಾವಿನ ಕಾರಣ, ದಿನಾಂಕ, ಸಹಿ, ಸಹಿಯ ಕೆಳಗೆ ನೋಂದಣಿ ಸಂಖ್ಯೆ, ಎಲ್ಲವನ್ನೂ ಬರೆದು ಕೊಟ್ಟಾಗ ವಿಮೆಯ ಪ್ರತಿನಿಧಿ ವಿನಯದಿಂದಲೇ ಒಂದು ಪ್ರಶ್ನೆ ಕೇಳಿದರು: "ಸಾರ್, ನಿಮ್ಮ ನೋಂದಣಿ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ?" ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಟ್ರಂಕು ತೆಗೆದು ನೋಡಿದರೆ, ಮಲೆನಾಡಿನ ಮಳೆಗೆ ಬೂಷ್ಟು ಹಿಡಿದ ಪ್ಲಾಸ್ಟಿಕ್ ಕವರಿನೊಳಗಿದ್ದ ಪ್ರಮಾಣಪತ್ರದ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅರಸೀಕೆರೆ ಕಡೆಯಿಂದ ವರ್ಗವಾಗಿ ಬಂದವನು ನನ್ನ ಹೊಸ ವಿಳಾಸವನ್ನು ನೋಂದಣಿ ನೋಡಿಕೊಳ್ಳುವ ರಾಜ್ಯ ಪಶುವೈದ್ಯಕೀಯ ಪರಿಷತ್ತಿಗೆ ತಿಳಿಸಿರಲಿಲ್ಲ. ತಪ್ಪು ಪೂರ್ತಿ ನನ್ನದು, ಆದರೆ ಅದರ ಫಲವನ್ನು ಉಂಡವರು ಹಸು ಕಳೆದುಕೊಂಡ ಆ ಮನೆಯವರು. ನಾನು ನವೀಕರಣ ಮಾಡಿಸಿ ಕಾಗದ ಒದಗಿಸುವವರೆಗೆ ಅವರು ಮೂರು ಬಾರಿ ಪೇಟೆಗೆ ಅಲೆದರು.

ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮವನ್ನು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೊಸದಾಗಿ ವೃತ್ತಿಗೆ ಬರುತ್ತಿರುವ ಪಶುವೈದ್ಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಐದು ವರ್ಷಕ್ಕೊಮ್ಮೆ ಬರುವ ನವೀಕರಣ ಒಂದು ದಿನದ ಕೆಲಸ, ಅದಕ್ಕೆ ಬೆನ್ನೆಲುಬಾಗಬೇಕಾದ ಕಲಿಕೆ ಮಾತ್ರ ಐದೂ ವರ್ಷದ ಕೆಲಸ. ಇವೆರಡನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡರೆ ಎರಡೂ ಸಲೀಸಾಗುತ್ತವೆ.

ಕಾನೂನು ಏನನ್ನು ಕೇಳುತ್ತದೆ

ನಮ್ಮ ವೃತ್ತಿಗೆ ಆಧಾರ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆ. ಆ ಕಾಯಿದೆಯಂತೆ ರಾಷ್ಟ್ರಮಟ್ಟದಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು, ರಾಜ್ಯದಲ್ಲಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ಇವೆ. ಪದವಿ ಮುಗಿಸಿದವರ ಹೆಸರು ರಾಜ್ಯದ ನೋಂದಣಿ ವಹಿಯಲ್ಲಿ ಸೇರುತ್ತದೆ ಮತ್ತು ಅದರ ಮೂಲಕ ಅಖಿಲ ಭಾರತ ವಹಿಗೂ ಹೋಗುತ್ತದೆ. ಕಾಯಿದೆಯ 30ನೇ ಪ್ರಕರಣವನ್ನು ಪ್ರತಿಯೊಬ್ಬ ಪಶುವೈದ್ಯರೂ ಒಮ್ಮೆಯಾದರೂ ಪೂರ್ತಿ ಓದಬೇಕು ಎಂಬುದು ನನ್ನ ಆಗ್ರಹ. ಸರ್ಕಾರಿ ಹುದ್ದೆ, ಚಿಕಿತ್ಸೆ, ಪ್ರಮಾಣಪತ್ರಗಳಿಗೆ ಸಹಿ, ನ್ಯಾಯಾಲಯದಲ್ಲಿ ತಜ್ಞ ಸಾಕ್ಷ್ಯ, ಈ ನಾಲ್ಕೂ ಅಧಿಕಾರಗಳು ನೋಂದಾಯಿತ ವೈದ್ಯರಿಗೆ ಮಾತ್ರ ಸಲ್ಲುತ್ತವೆ ಎಂದು ಅದು ಹೇಳುತ್ತದೆ. ಹೆಸರು ವಹಿಯಲ್ಲಿ ಇಲ್ಲದ ದಿನ ನಾವು ಬರೆಯುವ ಮರಣೋತ್ತರ ವರದಿಗೂ ಆರೋಗ್ಯ ಪ್ರಮಾಣಪತ್ರಕ್ಕೂ ಯಾವ ಬೆಲೆ ಉಳಿಯುತ್ತದೆ ಎಂಬುದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೊಂದಿಗೆ ದುಡಿಯುವ ಪಶು ಪರಿವೀಕ್ಷಕರು ಮತ್ತು ಡಿಪ್ಲೊಮಾ ಪಡೆದವರಿಗೆ ಅದೇ ಪ್ರಕರಣ ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಪ್ರಾಥಮಿಕ ಸೇವೆಗಳಿಗೆ ಸರ್ಕಾರ ಅನುಮತಿ ಕೊಡಲು ಅವಕಾಶ ಇರಿಸಿದೆ, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ. ಅಂದರೆ ಅವರ ಕೆಲಸದ ಹೊಣೆಯೂ ನಮ್ಮ ನೋಂದಣಿಯ ಮೇಲೆಯೇ ನಿಂತಿದೆ.

ನಿರಂತರ ಶಿಕ್ಷಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. 1984ರ ಕಾಯಿದೆಯಲ್ಲಿ "ಐದು ವರ್ಷದಲ್ಲಿ ಇಷ್ಟು ಗಂಟೆ ಕಲಿತಿರಬೇಕು" ಎಂಬ ಅಂಕಿಯಿಲ್ಲ, ಅರ್ಜಿ ಮತ್ತು ಶುಲ್ಕದ ಮೇಲೆ ನವೀಕರಣ ನಡೆಯುತ್ತದೆ. ಇದನ್ನು ಓದಿ "ಹಾಗಾದರೆ ತರಬೇತಿ ಬೇಕಿಲ್ಲ" ಎಂದು ತೀರ್ಮಾನಿಸುವವರಿದ್ದಾರೆ, ಅದು ಸರಿಯಲ್ಲ. ಪರಿಷತ್ತುಗಳು ನಿರಂತರ ಪಶುವೈದ್ಯಕೀಯ ಶಿಕ್ಷಣದ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿವೆ, ಕೇಂದ್ರ ಸರ್ಕಾರ ಅದಕ್ಕೆ ಅನುದಾನವನ್ನೂ ಕೊಡುತ್ತದೆ, ಮತ್ತು ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ನಮೂನೆ ಯಾವ ದಾಖಲೆ ಕೇಳುತ್ತದೆಯೋ ಅದನ್ನು ನಾವು ಒದಗಿಸಲೇಬೇಕು. ಆದ್ದರಿಂದ ಗಂಟೆಯ ಲೆಕ್ಕ ಕಡ್ಡಾಯವಾಗಿದೆಯೆಂದೇ ಭಾವಿಸಿ ಮೊದಲ ದಿನದಿಂದ ದಾಖಲೆ ಇಟ್ಟುಕೊಳ್ಳುವುದು ಕ್ಷೇಮ.

ಹೊರದೇಶಗಳಲ್ಲಿ ಈ ಲೆಕ್ಕ ಬಹಳ ಕಟ್ಟುನಿಟ್ಟಾಗಿದೆ. ಬ್ರಿಟನ್ನಿನಲ್ಲಿ ಪಶುವೈದ್ಯರು ವರ್ಷಕ್ಕೆ 35 ಗಂಟೆ ಕಲಿಕೆಯನ್ನು ದಾಖಲಿಸಬೇಕು, ಕಲಿತದ್ದರಿಂದ ತಮ್ಮ ಕೆಲಸದಲ್ಲಿ ಏನು ಬದಲಾಯಿತು ಎಂದೂ ಬರೆಯಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮವಿದ್ದು, ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 36 ಗಂಟೆ, ನ್ಯೂಯಾರ್ಕಿನಲ್ಲಿ ಮೂರು ವರ್ಷಕ್ಕೆ 45 ಗಂಟೆ. ಕ್ಯಾಲಿಫೋರ್ನಿಯಾದವರು ನಾಲ್ಕು ವರ್ಷಕ್ಕೊಮ್ಮೆ ಕನಿಷ್ಠ ಒಂದು ಗಂಟೆಯನ್ನು ಪ್ರತಿಜೀವಕಗಳ ವಿವೇಕಯುತ ಬಳಕೆಗೆ ಮೀಸಲಿಡಬೇಕು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಹೊರದೇಶಕ್ಕೆ ಹೋಗುವ ಆಸೆಯಿರುವ ಮಕ್ಕಳಿಗೆ ಇಲ್ಲಿನ ಕಡತವೇ ಅಲ್ಲಿನ ಶಿಸ್ತಿಗೆ ಅಭ್ಯಾಸವಾಗುತ್ತದೆ.

ಮೊದಲ ಹೆಜ್ಜೆ: ದಿನಾಂಕ ಮತ್ತು ವಿಳಾಸ

ಇಂದೇ ನಿಮ್ಮ ಪ್ರಮಾಣಪತ್ರವನ್ನು ಹೊರಗೆ ತೆಗೆದು ಮೂರು ಸಂಗತಿಗಳನ್ನು ನೋಡಿಕೊಳ್ಳಿ: ಅವಧಿ ಮುಗಿಯುವ ದಿನ, ಹೆಸರಿನ ಅಕ್ಷರಗಳು, ವಿಳಾಸ. ಹೆಸರಿನ ಅಕ್ಷರಗಳನ್ನು ಸಣ್ಣದೆಂದು ಬಿಡಬೇಡಿ. ಮದುವೆಯ ನಂತರ ಹೆಸರು ಬದಲಿಸಿಕೊಂಡವರಿಗೆ, ಇನಿಷಿಯಲ್ ಬಿಡಿಸಿ ಬರೆಯಿಸಿಕೊಂಡವರಿಗೆ, ಆಧಾರ್ ಕಾರ್ಡಿಗೂ ಪದವಿ ಪತ್ರಕ್ಕೂ ನೋಂದಣಿಗೂ ಹೊಂದಾಣಿಕೆಯಾಗದೆ ತೊಂದರೆಯಾದುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ವರ್ಗಾವಣೆಯಾದ ಕೂಡಲೇ, ಹೊಸ ಜಾಗದಲ್ಲಿ ಕಾರ್ಯಭಾರ ವಹಿಸಿಕೊಂಡ ವರದಿಯ ಜತೆಜತೆಗೇ, ಪರಿಷತ್ತಿಗೂ ವಿಳಾಸ ಬದಲಾವಣೆಯ ಪತ್ರ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಹೊರರಾಜ್ಯದಲ್ಲಿ ನೋಂದಣಿ ಮಾಡಿಸಿ ಈಗ ಇಲ್ಲಿ ವೃತ್ತಿ ನಡೆಸುತ್ತಿರುವವರು ನೋಂದಣಿಯನ್ನು ವರ್ಗಾಯಿಸಿಕೊಳ್ಳಬೇಕು. ಸ್ನಾತಕೋತ್ತರ ಪದವಿ ಪಡೆದವರು ಅದನ್ನೂ ವಹಿಯಲ್ಲಿ ಸೇರಿಸಿಕೊಳ್ಳಬಹುದು.

ಮೂಲ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಫೋನಿನಲ್ಲಿರಲಿ, ನೆರಳಚ್ಚು ಚಿಕಿತ್ಸಾಲಯದ ಗೋಡೆಯ ಮೇಲಿರಲಿ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯಂಥ ಕಡೆ ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಡುವುದೇ ಅದಕ್ಕೆ ಶತ್ರು. ಒಳಗೆ ಸಿಕ್ಕಿದ ತೇವ ಹೊರಬರದೆ ಶಾಯಿ ಹರಡುತ್ತದೆ. ಗಟ್ಟಿ ರಟ್ಟಿನ ಕಡತದಲ್ಲಿಟ್ಟು, ಬಿಸಿಲು ಬಂದ ದಿನ ಒಮ್ಮೆ ಗಾಳಿಗೆ ತೆರೆದಿಟ್ಟರೆ ಸಾಕು.

ಎರಡನೆಯ ಹೆಜ್ಜೆ: ಕಲಿಕೆಯ ಪುಟ

ಕಡತದ ಎರಡನೆಯ ಭಾಗದಲ್ಲಿ ಪ್ರತಿ ತರಬೇತಿಗೂ ಒಂದು ಪುಟ ಮೀಸಲಿಡಿ. ದಿನಾಂಕ, ಒಟ್ಟು ಗಂಟೆ, ನಡೆಸಿದ ಸಂಸ್ಥೆ, ವಿಷಯ, ಹಾಜರಾತಿ ಪತ್ರದ ಪ್ರತಿ, ಇಷ್ಟು ಎಲ್ಲರೂ ಇಡುತ್ತಾರೆ. ಇವುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಇದನ್ನು ಕಲಿತ ಮೇಲೆ ನನ್ನ ಚಿಕಿತ್ಸೆಯಲ್ಲಿ ಏನನ್ನು ಬದಲಿಸಿದೆ. ಆ ಸಾಲು ಖಾಲಿ ಉಳಿದ ತರಬೇತಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಕಡತದ ಒಂದು ಪುಟವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ವಿಷಯ ರಕ್ತಲೇಪದ ಪರೀಕ್ಷೆ. ಮಲೆನಾಡಿನಲ್ಲಿ ರಕ್ತ ಹೀರುವ ಉಣ್ಣೆಗಳಿಂದ (ಉಣುಗುಗಳಿಂದ) ಹರಡುವ ಥೈಲೇರಿಯಾ ರೋಗ ಮಿಶ್ರತಳಿ ಹಸುಗಳನ್ನು ಹೆಚ್ಚಾಗಿ ಕಾಡುತ್ತದೆ. 105, 106 ಡಿಗ್ರಿ ಜ್ವರ, ಭುಜದ ಮುಂದಿನ ಹಾಲ್ರಸ ಗ್ರಂಥಿ ನಿಂಬೆಹಣ್ಣಿನಷ್ಟು ಊದಿರುವುದು, ಕಣ್ಣಿನ ಒಳಪೊರೆ ಬಿಳಿಚಿರುವುದು ಇದರ ಲಕ್ಷಣಗಳು. ತರಬೇತಿಗೆ ಮುಂಚೆ ನಾನೂ ಇಂಥ ಜ್ವರಕ್ಕೆ ಮೂರು ದಿನ ಪ್ರತಿಜೀವಕ ಕೊಟ್ಟು ಕಾಯುತ್ತಿದ್ದೆ, ಆ ಮೂರು ದಿನಗಳಲ್ಲಿ ಹಸು ಕೈಬಿಟ್ಟು ಹೋದದ್ದೂ ಇದೆ. ಕಲಿತ ಮೇಲೆ ಕಿವಿಯ ಅಂಚಿನ ನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಎಳೆಯುತ್ತೇನೆ, ಊದಿದ ಗ್ರಂಥಿಯಿಂದಲೂ ಸೂಜಿಯಲ್ಲಿ ದ್ರವ ತೆಗೆದು ಲೇಪ ಮಾಡುತ್ತೇನೆ. ತರಗತಿಯಲ್ಲಿ ಹೇಳಿಕೊಟ್ಟಂತೆ ಗಾಜು ಗಾಳಿಯಲ್ಲಿ ಒಣಗಬೇಕು. ಆಷಾಢದ ಮಳೆಯಲ್ಲಿ ಕೊಟ್ಟಿಗೆಯೊಳಗೆ ಅದು ಒಣಗುವುದೇ ಇಲ್ಲ, ನಿಧಾನವಾಗಿ ಒಣಗಿದರೆ ಕೆಂಪು ರಕ್ತಕಣಗಳು ಕುಗ್ಗಿ ಆಕಾರ ಕೆಡುತ್ತವೆ. ಲೇಪವನ್ನು ಬಹಳ ತೆಳುವಾಗಿ ಎಳೆದು, ಜೀಪಿನೊಳಗೆ ಕೂತು ಬೆಚ್ಚಗಿನ ಗಾಳಿಗೆ ಹಿಡಿದು, ಒಣಗಿದ ಕೂಡಲೇ ಮೆಥನಾಲಿನಲ್ಲಿ ಅದ್ದುವುದನ್ನು ನಾನು ಎಷ್ಟೋ ಗಾಜುಗಳನ್ನು ಕೆಡಿಸಿದ ಮೇಲೆ ಕಲಿತೆ. ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗ್ರಂಥಿಯ ಲೇಪದಲ್ಲಿ ಥೈಲೇರಿಯಾದ ಗುರುತಾದ, ವಿಜ್ಞಾನಿ ಕಾಕ್ ಅವರ ಹೆಸರಿನ ನೀಲಿ ಕಾಯಗಳು ಮೊದಲ ಸಲ ನನ್ನ ಕಣ್ಣಿಗೇ ಕಂಡ ಸಂಜೆಯನ್ನು ಮರೆಯಲಾರೆ. ಮಾರನೆಯ ಬೆಳಿಗ್ಗೆಯೇ ಥೈಲೇರಿಯಾದ ಔಷಧ ಬುಪಾರ್ವಕ್ವೋನ್ ಕೊಟ್ಟೆ, ಹಸು ಉಳಿಯಿತು. ಆ ಪುಟದ ಕೊನೆಯ ಸಾಲು ಹೀಗಿದೆ: "ಗ್ರಂಥಿ ಊದಿದ ಜ್ವರಕ್ಕೆ ಲೇಪ ನೋಡದೆ ಪ್ರತಿಜೀವಕ ಬರೆಯುವುದಿಲ್ಲ."

ಮೂರನೆಯ ಹೆಜ್ಜೆ: ನಮ್ಮ ಸೀಮೆಗೆ ಬೇಕಾದ ವಿಷಯ ಆರಿಸುವುದು

ಸಿಕ್ಕಿದ ತರಬೇತಿಗೆಲ್ಲ ಹೋಗಿ ಪ್ರಮಾಣಪತ್ರಗಳ ಕಟ್ಟು ಬೆಳೆಸುವುದು ಸುಲಭ. ಆದರೆ ಅರೆ ಮಲೆನಾಡಿನ ಬೇಲೂರು, ಬಯಲುಸೀಮೆಯ ಅರಸೀಕೆರೆ ಮತ್ತು ಕಡೂರು, ಅಪ್ಪಟ ಮಲೆನಾಡಿನ ಕೊಪ್ಪ ಮತ್ತು ಶೃಂಗೇರಿ, ಈ ಮೂರಕ್ಕೂ ಬೇಕಾದ ವಿದ್ಯೆ ಒಂದೇ ಅಲ್ಲ. ವರ್ಷದ ಆರಂಭದಲ್ಲಿ ಹಿಂದಿನ ವರ್ಷದ ಹೊರರೋಗಿ ವಹಿಯನ್ನು ತಿರುವಿ ಹಾಕಿ, ನಿಮ್ಮ ಕೈಯಲ್ಲಿ ವಾಸಿಯಾಗದೆ ಹೋದ ಪ್ರಕರಣಗಳನ್ನು ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ಪಠ್ಯಕ್ರಮ.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯಲ್ಲಿರುವವರು ಮಂಗನ ಕಾಯಿಲೆಯ ಬಗ್ಗೆ ಐದು ವರ್ಷದಲ್ಲಿ ಒಂದಾದರೂ ತರಬೇತಿ ಪಡೆಯಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ಸು ಉಣ್ಣೆಗಳ ಮೂಲಕ ಹರಡುತ್ತದೆ, ಕಾಡಿಗೆ ಮೇಯಲು ಹೋದ ದನಗಳ ಮೈಮೇಲೆ ಆ ಉಣ್ಣೆಗಳು ಊರಿನವರೆಗೆ ಬರುತ್ತವೆ. ಸತ್ತ ಮಂಗದ ಸುದ್ದಿ ಬಂದಾಗ ಊರಿನವರು ಮೊದಲು ನೆನೆಯುವವರಲ್ಲಿ ಪಶುವೈದ್ಯರೂ ಒಬ್ಬರು. ಯಾವ ರಕ್ಷಣಾ ಉಡುಪು ಧರಿಸಬೇಕು, ಮಾದರಿಯನ್ನು ಹೇಗೆ ತೆಗೆದು ಹೇಗೆ ಕಳಿಸಬೇಕು ಎಂಬುದನ್ನು ಆ ಕ್ಷಣದಲ್ಲಿ ಕಲಿಯಲು ಹೊರಟರೆ ನಮ್ಮ ಪ್ರಾಣಕ್ಕೇ ಕುತ್ತು.

ದನಗಳಲ್ಲಿ ಗರ್ಭಪಾತ ತರುವ ಕಂದು ರೋಗದ್ದೂ (ಬ್ರುಸೆಲ್ಲೋಸಿಸ್) ಹಾಗೆಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಲಸಿಕೆಯೊಂದಿಗೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆಯೂ ಸೇರಿದೆ. ಅದು ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಸೂಜಿ ನಮ್ಮ ಕೈಗೆ ಚುಚ್ಚಿದರೂ, ಕಣ್ಣಿಗೆ ಹನಿ ಸಿಡಿದರೂ ರೋಗ ನಮಗೇ ಬರಬಹುದು. ಕೈಗವಸು ಮತ್ತು ಕನ್ನಡಕದ ವಿಷಯವನ್ನು ತರಬೇತಿಯಲ್ಲಿ ಕೈಯಾರೆ ಮಾಡಿ ತೋರಿಸುವವರ ಬಳಿಯೇ ಕಲಿಯಬೇಕು.

ಅಜ್ಜಂಪುರ, ಬೀರೂರು ಕಡೆಯ ಅಮೃತಮಹಲ್ ದನಗಳನ್ನೋ, ತೀರ್ಥಹಳ್ಳಿ ಗಡಿಯ ಮಲೆನಾಡು ಗಿಡ್ಡವನ್ನೋ ನೋಡುವವರು ತಳಿಗೆ ತಕ್ಕ ಔಷಧ ಪ್ರಮಾಣದ ಬಗ್ಗೆ ಕಲಿಯಲಿ. ಕಣ್ಣಳತೆಯಲ್ಲಿ ಎಚ್‌ಎಫ್ ಹಸುವಿನ ಪ್ರಮಾಣವನ್ನೇ ಗಿಡ್ಡಕ್ಕೆ ಕೊಡುವವರನ್ನು ಇಂದಿಗೂ ಕಾಣುತ್ತೇನೆ. ಎದೆಸುತ್ತಳತೆಯ ಟೇಪು ಹಿಡಿದು ತೂಕ ಅಂದಾಜಿಸಲು ಒಂದು ನಿಮಿಷವೂ ಬೇಕಾಗುವುದಿಲ್ಲ.

ಔಷಧಗಳ ವಿಷಯದಲ್ಲಂತೂ ಹತ್ತು ವರ್ಷದ ಹಿಂದಿನ ಜ್ಞಾನವನ್ನು ನೆಚ್ಚಿಕೊಂಡವರು ಇಂದು ಕಾನೂನನ್ನೇ ಮುರಿಯುತ್ತಿರಬಹುದು. ರಣಹದ್ದುಗಳ ಸಾವಿಗೆ ಕಾರಣವಾದ ನೋವುನಿವಾರಕ ಡೈಕ್ಲೊಫೆನಾಕ್ ಅನ್ನು ಜಾನುವಾರುಗಳಿಗೆ ಬಳಸುವುದು 2006ರಲ್ಲೇ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್, 2024ರ ಕೊನೆಗೆ ನಿಮೆಸುಲೈಡ್ ಅದೇ ಪಟ್ಟಿಗೆ ಸೇರಿದವು. ನೋವು, ಜ್ವರಕ್ಕೆ ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಇದೆ. 2019ರಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಕೊಡುವುದನ್ನು ನಿಲ್ಲಿಸಲಾಯಿತು. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವವರಿಗೆ 2001ರ ನಿಯಮಗಳ ಬದಲು 2023ರ ಹೊಸ ನಿಯಮಗಳು ಬಂದಿವೆ. ಚರ್ಮಗಂಟು ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದೇ 2019ರಲ್ಲಿ, ಅದಕ್ಕೆ ಮುಂಚೆ ಪದವಿ ಪಡೆದ ಯಾರೂ ಕಾಲೇಜಿನಲ್ಲಿದ್ದಾಗ ಅದರ ಒಂದು ಹಸುವನ್ನೂ ಕಂಡಿರಲಿಕ್ಕಿಲ್ಲ. ಇಂಥ ಬದಲಾವಣೆಗಳು ನಮ್ಮ ಮುಂದಿನ ನವೀಕರಣಕ್ಕಾಗಿ ಕಾಯುವುದಿಲ್ಲ, ಆದ್ದರಿಂದ ವರ್ಷಕ್ಕೆ ಅರ್ಧ ದಿನವನ್ನಾದರೂ ಕಾನೂನು ಮತ್ತು ಔಷಧ ನಿಯಮಗಳಿಗಾಗಿಯೇ ತೆಗೆದಿಡಿ.

ಎಲ್ಲಿ ಕಲಿಯಬಹುದು ಎಂದರೆ, ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಹಾಸನ ಕಾಲೇಜು ನಮಗೆ ಅತಿ ಹತ್ತಿರ, ಶಿವಮೊಗ್ಗದ ಕಾಲೇಜು ಚಿಕ್ಕಮಗಳೂರಿನ ಪಶ್ಚಿಮ ತಾಲ್ಲೂಕುಗಳಿಗೆ ಅನುಕೂಲ. ಬೆಂಗಳೂರಿನಲ್ಲಿ ಹೆಬ್ಬಾಳದ ಕಾಲೇಜು, ಅಲ್ಲಿಯೇ ಇರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ, ಪಶುರೋಗಗಳು ಹರಡುವ ಬಗೆಯನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ (NIVEDI) ಸಂಸ್ಥೆ ಇವೆ. ಹಾಜರಾತಿ ಪತ್ರದಲ್ಲಿ ಗಂಟೆ ಮತ್ತು ದಿನಾಂಕ ನಮೂದಾಗಿದೆಯೇ, ಸಂಸ್ಥೆಯ ಮೊಹರು ಬಿದ್ದಿದೆಯೇ ಎಂದು ಅಲ್ಲಿಯೇ ನೋಡಿ ಪಡೆದುಕೊಳ್ಳಿ. ಔಷಧ ಕಂಪನಿಗಳು ಹೋಟೆಲಿನಲ್ಲಿ ನಡೆಸುವ ಸಭೆಗಳಲ್ಲಿಯೂ ಕಲಿಯುವುದು ಇರುತ್ತದೆ, ಆದರೆ ಅವನ್ನು ನಿಮ್ಮ ಕಲಿಕೆಯ ಮುಖ್ಯ ಭಾಗವನ್ನಾಗಿ ಮಾಡಿಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಕಾಲಕ್ಕೆ ಹೊಂದಿಸುವುದು

ಐದು ವರ್ಷದ ಕಲಿಕೆಯನ್ನು ಕೊನೆಯ ಮೂರು ತಿಂಗಳಿಗೆ ತುರುಕುವುದು ನಮ್ಮ ಸೀಮೆಯಲ್ಲಿ ಸಾಧ್ಯವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶಿರಾಡಿ, ಚಾರ್ಮಾಡಿ ಘಾಟಿಯ ಆಸುಪಾಸಿನವರಿಗೆ ರಸ್ತೆಯೇ ಅನುಮಾನ, ವಿದ್ಯುತ್ತು ಹೋದರೆ ಆನ್‌ಲೈನ್ ತರಗತಿಯೂ ಅರ್ಧಕ್ಕೆ ನಿಲ್ಲುತ್ತದೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ತೋಟದವರಿಗೆ ಬಿಡುವಿಲ್ಲ. ಅವರ ಮನೆಯ ದನಗಳನ್ನು ಹಿಡಿಯಲು ಆಳು ಸಿಗದೆ ಲಸಿಕೆಯ ಕೆಲಸವೂ ನಿಧಾನವಾಗುತ್ತದೆ, ಆಗ ನಾವು ಊರು ಬಿಡುವಂತಿಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳನ್ನು ಕೈಯಿಂದ ಮಾಡಿ ಕಲಿಯುವ ತರಬೇತಿಗಳಿಗೆ ಮೀಸಲಿಟ್ಟು, ಮಳೆಗಾಲದಲ್ಲಿ ರೆಕಾರ್ಡ್ ಮಾಡಿದ ಪಾಠಗಳನ್ನು ಕರೆಂಟು ಇರುವಾಗ ಇಳಿಸಿಕೊಂಡು ನೋಡುವ ಪದ್ಧತಿ ನನಗೆ ಸರಿಹೊಂದಿದೆ. ಸರ್ಕಾರಿ ಸೇವೆಯಲ್ಲಿರುವವರು ತರಬೇತಿಯ ಆಹ್ವಾನ ಬಂದ ದಿನವೇ ಉಪನಿರ್ದೇಶಕರ ಕಚೇರಿಗೆ ಅನುಮತಿ ಕೋರಿ ಬರೆಯಬೇಕು, ಆ ದಿನಗಳಿಗೆ ಪಕ್ಕದ ಚಿಕಿತ್ಸಾಲಯದ ವೈದ್ಯರನ್ನು ಒಪ್ಪಿಸಿ ಅವರ ಹೆಸರನ್ನೂ ಪತ್ರದಲ್ಲಿ ಕಾಣಿಸಬೇಕು. ಬದಲಿ ವ್ಯವಸ್ಥೆ ಕಾಣಿಸಿದ ಅರ್ಜಿ ಬೇಗ ಮಂಜೂರಾಗುತ್ತದೆ ಎಂಬುದು ನನ್ನ ಅನುಭವ. 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಗಳಲ್ಲಿ ಕೆಲಸ ಮಾಡುವ ಕಿರಿಯರಿಗೆ ರಜೆ ಸಿಗುವುದು ಇನ್ನೂ ಕಷ್ಟ. ಅವರು ತಮ್ಮ ಸರದಿ ಬಿಡುವಿನ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಲಿ.

ಕೊನೆಯ ಹೆಜ್ಜೆ: ಅರ್ಜಿ

ಅವಧಿ ಮುಗಿಯಲು ಆರು ತಿಂಗಳಿರುವಾಗ ಪರಿಷತ್ತಿನಿಂದ ಆಗ ಚಾಲ್ತಿಯಲ್ಲಿರುವ ನಮೂನೆ ಮತ್ತು ಶುಲ್ಕದ ವಿವರ ತರಿಸಿಕೊಳ್ಳಿ. ಹಳೆಯ ಸಹೋದ್ಯೋಗಿಯ ಬಳಿಯಿರುವ ನೆರಳಚ್ಚನ್ನು ತುಂಬಿ ಕಳಿಸಬೇಡಿ. ಮೂಲ ನೋಂದಣಿ ಪತ್ರದ ಪ್ರತಿ, ಗುರುತಿನ ಮತ್ತು ವಿಳಾಸದ ಪುರಾವೆ, ಇತ್ತೀಚಿನ ಭಾವಚಿತ್ರ, ಪದವಿ ಪತ್ರಗಳ ಪ್ರತಿ, ಇವನ್ನು ನಮೂನೆಯ ಕ್ರಮದಲ್ಲೇ ಜೋಡಿಸಿ, ಕಲಿಕೆಯ ಪುಟಗಳಿಂದ ಒಂದು ಪುಟದ ಸಾರಾಂಶ ಪಟ್ಟಿ ತಯಾರಿಸಿ ಲಗತ್ತಿಸಿ. ಕೇಳದಿದ್ದರೂ ಲಗತ್ತಿಸುವುದರಿಂದ ನಷ್ಟವಿಲ್ಲ. ಶುಲ್ಕ ಪಾವತಿಯ ರಸೀದಿಯ ಎರಡು ಪ್ರತಿ ಮಾಡಿಸಿಕೊಳ್ಳಿ.

ಅವಧಿ ಈಗಾಗಲೇ ಮೀರಿದ್ದರೆ ಮುಚ್ಚಿಡಲು ಹೋಗಬೇಡಿ. ವಹಿಯಿಂದ ತೆಗೆದ ಹೆಸರನ್ನು ಮತ್ತೆ ಸೇರಿಸಲು ಅವಕಾಶವಿದೆ, ಪರಿಷತ್ತಿಗೆ ಪತ್ರ ಬರೆದು ಅದರ ಕ್ರಮವನ್ನು ಅನುಸರಿಸಿ. ನೋಂದಣಿ ಮತ್ತೆ ಚಾಲ್ತಿಗೆ ಬರುವವರೆಗೆ ವಿಮೆ, ನ್ಯಾಯಾಲಯ ಮತ್ತು ಸಾಗಣೆಗೆ ಸಂಬಂಧಿಸಿದ ಯಾವ ಕಾಗದಕ್ಕೂ ಸಹಿ ಹಾಕದೆ, ಅಂಥ ಪ್ರಕರಣಗಳನ್ನು ಪಕ್ಕದ ಚಿಕಿತ್ಸಾಲಯಕ್ಕೆ ಕಳಿಸಿಕೊಡಿ. ರೈತರಿಗೆ ಕಾರಣವನ್ನು ಬಾಯಿಬಿಟ್ಟು ಹೇಳಿ, ಅವರು ಅರ್ಥ ಮಾಡಿಕೊಳ್ಳುತ್ತಾರೆ.

ನವೀಕರಿಸಿದ ಪತ್ರ ಕೈಗೆ ಬಂದ ದಿನ ಗೋಡೆಯ ಮೇಲಿನ ಹಳೆಯ ನೆರಳಚ್ಚನ್ನು ತೆಗೆದು ಹೊಸದನ್ನು ಅಂಟಿಸಿ, ಕಡತದ ರಟ್ಟಿನ ಒಳಬದಿಯಲ್ಲಿ ಮುಂದಿನ ಅವಧಿ ಮುಗಿಯುವ ದಿನವನ್ನು ದಪ್ಪ ಅಕ್ಷರದಲ್ಲಿ ಬರೆದು, ಅದರ ಕೆಳಗೆ ಕಲಿಕೆಯ ಮೊದಲ ಖಾಲಿ ಪುಟವನ್ನು ಸೇರಿಸಿ.